ಮಂಚದಿಂದ ಕಾಲಿಟ್ಟರೆ ಗಂಟೆ ಹೊಡೆಯುವ ಬಟ್ಟೆ: ಮನೆಯಲ್ಲೇ ಹೊಲಿಯುವುದು ಹೇಗೆ

ವಯಸ್ಸಾದವರು ರಾತ್ರಿ ಮಂಚದಿಂದ ಕಾಲು ಕೆಳಗಿಟ್ಟ ಕೂಡಲೇ ಪಕ್ಕದ ಕೋಣೆಯಲ್ಲಿ ಮಲಗಿದವರಿಗೆ ಗಂಟೆ ಕೇಳಬೇಕು. ಅಂಥ ಒಂದು ಮ್ಯಾಟ್ ಹೊಲಿಯುವ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಹೊರಗಿಂದ ನೋಡಿದರೆ ಅದು ಮಾಮೂಲಿ ಕಾಲೊರಸು. ಒಳಗೆ ಮಾತ್ರ ಕರೆಂಟ್ ಹರಿಯುವ ಬಟ್ಟೆ ಇರುತ್ತದೆ. ಹೊಲಿಗೆ ಮಷಿನ್ ಇದ್ದು, ವೈರು ಬೆಸೆಯಲು, ಅಂದರೆ ಸೋಲ್ಡರ್ ಮಾಡಲು ಬರುವವರು ಒಬ್ಬರು ಜೊತೆಗಿದ್ದರೆ ಸಾಕು, ಒಂದು ಭಾನುವಾರದಲ್ಲಿ ಕೆಲಸ ಮುಗಿಯುತ್ತದೆ.

ನಾನು ಕುಮಟಾದಲ್ಲಿ ಮೂರೂರು ರಸ್ತೆ ಕಡೆ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ದಿನಾ ಮಾಡುವುದು ಬ್ಲೌಸು, ಸೀರೆ ಫಾಲು, ಶಾಲೆಯ ಯೂನಿಫಾರ್ಮು. ಈ ಕೆಲಸಕ್ಕೆ ಕೈ ಹಾಕಿದ್ದು ನಮ್ಮ ಅತ್ತೆಗಾಗಿ. ಅವರಿಗೆ ಎಂಬತ್ತು ದಾಟಿದೆ. ಬಿಪಿ ಗುಳಿಗೆಯ ಜೊತೆ ಮೂತ್ರ ಜಾಸ್ತಿ ಹೋಗುವ ಗುಳಿಗೆಯೂ ಇದೆ. ರಾತ್ರಿ ಬಚ್ಚಲಿಗೆ ಏಳಲೇಬೇಕು. ಏಳುವಾಗ ಮಾತ್ರ ಯಾರನ್ನೂ ಕರೆಯುವುದಿಲ್ಲ. "ದಿನಪೂರ್ತಿ ಮಷಿನ್ ತುಳಿದು ಮಲಗಿದವಳು, ಎಬ್ಬಿಸೂದು ಎಂತಕ್ಕೆ?" ಅನ್ನುತ್ತಾರೆ. ಸರ್ಕ್ಯೂಟಿನ ತಲೆ ನನ್ನ ಅಣ್ಣನ ಮಗನದು, ಕಾರವಾರದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಾನೆ. ಬಟ್ಟೆಯ ಕೆಲಸ ನನ್ನದು.

ವಾಚ್ ಇದ್ದರೂ ಮ್ಯಾಟ್ ಯಾಕೆ?

ಬಿದ್ದರೆ ಫೋನಿಗೆ ಸುದ್ದಿ ಕಳಿಸುವ ವಾಚುಗಳು ಬಂದಿವೆ. ನಾಡಿ ಎಣಿಸುತ್ತವೆ, ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಅಂತಲೂ ಹೇಳುತ್ತವೆ. ವಾಚಿನ ಹೊಟ್ಟೆಯಿಂದ ಚರ್ಮಕ್ಕೆ ಬೆಳಕು ಬೀಳುತ್ತದೆ. ಎದೆ ಬಡಿದ ಹಾಗೆ ರಕ್ತ ಏರಿ ಇಳಿಯುತ್ತದಲ್ಲ, ಅದಕ್ಕೆ ತಕ್ಕಂತೆ ವಾಪಸ್ ಬರುವ ಬೆಳಕು ಹೆಚ್ಚು ಕಡಿಮೆ ಆಗುತ್ತದೆ. ಆ ಏರಿಳಿತವನ್ನೇ ವಾಚು ಎಣಿಸುತ್ತದೆ. ಆದರೆ ಪಟ್ಟಿ ಸಡಿಲ ಇದ್ದರೆ ಲೆಕ್ಕ ತಪ್ಪುತ್ತದೆ. ಬಿಗಿ ಕಟ್ಟಿದರೆ ನಮ್ಮ ಕರಾವಳಿಯ ಬೆವರಿಗೆ ಮುಂಗೈ ತುರಿಸುತ್ತದೆ. ಮೇಲಾಗಿ ಚಾರ್ಜ್ ಮಾಡಲು ಅಂತ ರಾತ್ರಿಯೇ ಬಿಚ್ಚಿಡುತ್ತಾರೆ. ಬೇಕಾಗುವುದೂ ರಾತ್ರಿಯೇ ಅಲ್ವಾ?

ಇನ್ನೂ ಒಂದು ಮಾತಿದೆ. ಬಿದ್ದ ಮೇಲೆ ತಿಳಿಸುವುದು ಒಂದು, ಏಳುವ ಮೊದಲೇ ತಿಳಿಸುವುದು ಇನ್ನೊಂದು. ಬೀಳುವುದರಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದರಲ್ಲಿ ಅರವತ್ತು ದಾಟಿದವರೇ ಜಾಸ್ತಿ. ನಮ್ಮ ಉತ್ತರ ಕನ್ನಡ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ನಾವೆಲ್ಲ ಎಷ್ಟು ಸಲ ಬೀದಿಗೆ ಇಳಿದಿದ್ದೇವೆ. ಸೊಂಟದ ಮೂಳೆ ಮುರಿದ ಅಜ್ಜಿಯನ್ನು ಆಂಬುಲೆನ್ಸಿನಲ್ಲಿ ಮಣಿಪಾಲಕ್ಕೋ ಹುಬ್ಬಳ್ಳಿಗೋ ಕರೆದೊಯ್ಯುವುದು ಅಂದರೆ ಏನು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಹಾಗಾಗಿ ಬೀಳದ ಹಾಗೆ ನೋಡಿಕೊಳ್ಳುವುದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಮ್ಯಾಟನ್ನು ತೊಡಬೇಕಾಗಿಲ್ಲ, ಚಾರ್ಜಿಗೆ ಬಿಚ್ಚಬೇಕಾಗಿಲ್ಲ, ನೆನಪಿಟ್ಟುಕೊಳ್ಳಬೇಕಾಗಿಲ್ಲ.

ಬಟ್ಟೆಯೊಳಗೆ ಎಲೆಕ್ಟ್ರಾನಿಕ್ಸ್ ಸೇರಿಸುವುದು ಈಗ ಶುರುವಾದ ಕೆಲಸ ಅಲ್ಲ. 1996ರ ಹೊತ್ತಿಗೇ ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಸುಂದರೇಶನ್ ಜಯರಾಮನ್ ಅವರ ತಂಡ ಒಂದು ಅಂಗಿ ನೇಯಲು ಹೊರಟಿತ್ತು. ಅದರ ನೇಯ್ಗೆಯಲ್ಲೇ ಬೆಳಕು ಹರಿಯುವ ಎಳೆಗಳು. ಸೈನಿಕನಿಗೆ ಗುಂಡು ತಾಗಿ ಎಳೆ ತುಂಡಾದರೆ ಎಲ್ಲಿ ತಾಗಿತು ಅಂತ ತಿಳಿಯಬೇಕು ಅನ್ನುವುದು ಯೋಚನೆ. 2007ರಲ್ಲಿ ಲಿಯಾ ಬ್ಯೂಕ್ಲಿ ಅವರ ಲಿಲಿಪ್ಯಾಡ್ ಮಾರುಕಟ್ಟೆಗೆ ಬಂತು. ಅದು ಪುಟ್ಟ ಕಂಪ್ಯೂಟರ್ ಹಲಗೆ. ಬಟ್ಟೆಗೆ ಹೊಲಿಯಲಿಕ್ಕೆ ಅಂತಲೇ ಸುತ್ತ ತೂತು ಬಿಟ್ಟಿದ್ದಾರೆ. ಅಣ್ಣನ ಮಗ ಅದನ್ನು ತಂದು ತೋರಿಸಿದಾಗ ನನಗೆ ಧೈರ್ಯ ಬಂತು. ಸೂಜಿ ಹಿಡಿದವರನ್ನು ಲೆಕ್ಕಕ್ಕೆ ಇಟ್ಟುಕೊಂಡು ಮಾಡಿದ ಎಲೆಕ್ಟ್ರಾನಿಕ್ಸ್ ಅದು. ನಮ್ಮ ಮ್ಯಾಟಿಗೆ ಅಷ್ಟೂ ಬೇಡ. ವೈರ್ ಇಲ್ಲದ ಒಂದು ಕಾಲಿಂಗ್ ಬೆಲ್ ಸಾಕು.

ಉಪಾಯ ಇಷ್ಟೇ

ಕರೆಂಟ್ ಹರಿಯುವ ಬಟ್ಟೆಯ ಎರಡು ತುಂಡು. ನಡುವೆ ತೂತು ತೂತಾದ ತೆಳು ಸ್ಪಂಜು. ಸುಮ್ನೆ ಇದ್ದಾಗ ಎರಡು ಬಟ್ಟೆ ಒಂದಕ್ಕೊಂದು ತಾಗುವುದಿಲ್ಲ. ಕಾಲಿಟ್ಟಾಗ ಮೇಲಿನ ಬಟ್ಟೆ ತೂತಿನೊಳಗೆ ಬಗ್ಗಿ ಕೆಳಗಿನದಕ್ಕೆ ತಾಗುತ್ತದೆ. ಆಗ ಸ್ವಿಚ್ ಒತ್ತಿದ ಹಾಗೆ. ಆ ಎರಡು ಬಟ್ಟೆಯಿಂದ ಎರಡು ವೈರು ತೆಗೆದು ಕಾಲಿಂಗ್ ಬೆಲ್ಲಿನ ಗುಂಡಿಗೆ ಸೇರಿಸಿದರೆ, ಮ್ಯಾಟ್ ತುಳಿದಾಗ ಬೆಲ್ ಒತ್ತಿದಂತೆ ಆಗುತ್ತದೆ. ಬೆಲ್ಲಿನ ಇನ್ನೊಂದು ಭಾಗ ನಿಮ್ಮ ಕೋಣೆಯಲ್ಲಿ ಬಾರಿಸುತ್ತದೆ.

ಸಾಮಾನು

ಮೊದಲು ಬಟ್ಟೆ. ಪಾಲಿಯೆಸ್ಟರ್ ಮೇಲೆ ತಾಮ್ರ ಮತ್ತು ನಿಕ್ಕಲ್ ಲೇಪಿಸಿದ ಬಟ್ಟೆ ಆನ್‌ಲೈನಿನಲ್ಲಿ ಸಿಗುತ್ತದೆ. ನೋಡಲು ಬೂದು ಬಣ್ಣ, ಕೈಗೆ ರೇಷ್ಮೆ ಅಸ್ತರಿನಷ್ಟೇ ತೆಳು. 'ಕಂಡಕ್ಟಿವ್ ಫ್ಯಾಬ್ರಿಕ್' ಅಂತ ಹುಡುಕಿ. ಬೆಳ್ಳಿ ಲೇಪಿಸಿದ್ದೂ ಇದೆ, ಆದರೆ ಬೆಲೆ ಜಾಸ್ತಿ, ಮ್ಯಾಟಿಗೆ ಅದು ದಂಡ. ಅಡುಗೆಮನೆಯ ಅಲ್ಯುಮಿನಿಯಂ ಹಾಳೆ ಹಾಕಿದರೆ ಆಗದಾ ಅಂತ ಕೇಳುತ್ತಾರೆ. ಉಪಾಯ ಸರಿಯಿದೆಯಾ ಅಂತ ನೋಡಲು ಆಗುತ್ತದೆ. ಆದರೆ ತುಳಿದು ತುಳಿದು ಅದು ಮಡಿಕೆ ಬಿದ್ದ ಕಡೆ ಹರಿದುಹೋಗುತ್ತದೆ. ಒಂದು ದಿನ ಗಂಟೆ ಬಾರಿಸುವುದಿಲ್ಲ, ನಿಮಗೆ ಗೊತ್ತೂ ಆಗುವುದಿಲ್ಲ. ಇಂಥ ವಸ್ತುವಿನಲ್ಲಿ ಅದು ನಡೆಯದು.

ಸ್ಪಂಜು 3 ಮಿಲಿಮೀಟರ್ ದಪ್ಪದ್ದು. ಬ್ಯಾಗ್ ಹೊಲಿಯುವವರು ಬಳಸುತ್ತಾರಲ್ಲ, ಅದೇ. ತಳದ ಪದರಕ್ಕೆ ಬುಕ್ರಂ (ಕಾಲರಿನ ಒಳಗೆ ಹಾಕುವ ಬಿರುಸು ಬಟ್ಟೆ), ಮೇಲಿನ ಪದರಕ್ಕೆ ತೆಳು ಹತ್ತಿ ಬಟ್ಟೆ, ಇಡೀ ಮ್ಯಾಟನ್ನು ಮುಚ್ಚಲು ತೆಳು ರೆಕ್ಸಿನ್ ಅಥವಾ ಮೇಜಿಗೆ ಹಾಸುವ ಪ್ಲಾಸ್ಟಿಕ್. ಹಿತ್ತಾಳೆಯ ಟಿಚ್ ಬಟನ್ ಎರಡು ಜೊತೆ. ಸ್ಟೀಲಿನ ಕಂಡಕ್ಟಿವ್ ದಾರ ಒಂದು ರೀಲು. ಎರಡು ಎಳೆಯ ತೆಳು ವೈರು ಎರಡು ಮೀಟರ್. ತಳಕ್ಕೆ ಅಂಟಿಸಲು ಕಾರ್ಪೆಟ್ ಜಾರದಂತೆ ಹಾಕುವ ರಬ್ಬರ್ ಬಲೆ.

ಬೆಲ್ ಕೊಳ್ಳುವಾಗ ಎರಡು ವಿಷಯ ನೋಡಿ. ಒತ್ತುವ ಗುಂಡಿಯೊಳಗೆ ಬ್ಯಾಟರಿ ಇರಬೇಕು. ಬ್ಯಾಟರಿಯೇ ಬೇಡದ, ಒತ್ತಿದ ಶಕ್ತಿಯಲ್ಲೇ ನಡೆಯುವ ಬೆಲ್ಲುಗಳು ಬಂದಿವೆ, ಅವು ನಮ್ಮ ಕೆಲಸಕ್ಕೆ ಆಗುವುದಿಲ್ಲ. ಎರಡನೆಯದು, ಬಾರಿಸುವ ಭಾಗ ಸೆಲ್ಲಿನಲ್ಲೂ ನಡೆಯುವಂಥದ್ದಿರಲಿ. ಪ್ಲಗ್ಗಿಗೆ ಮಾತ್ರ ಹಾಕುವಂಥದ್ದಾದರೆ ಜೂನ್, ಜುಲೈಯಲ್ಲಿ ಮರ ಬಿದ್ದು ಕರೆಂಟ್ ಹೋದ ರಾತ್ರಿ ಗಂಟೆಯೂ ಹೋಯಿತು. ಕತ್ತಲಲ್ಲೇ ತಾನೆ ಎಡವುವುದು. ಸೆಲ್ಲಿನದು ಸಿಗದಿದ್ದರೆ ಇನ್ವರ್ಟರಿನ ಸಾಕೆಟ್ಟಿಗೆ ಹಾಕಿ.

ಎಲ್ಲ ಸೇರಿ ಒಂದು ಒಳ್ಳೆಯ ಸ್ಮಾರ್ಟ್ ವಾಚಿಗಿಂತ ಕಡಿಮೆ ಖರ್ಚಿನಲ್ಲಿ ಆಗುತ್ತದೆ. ಬಟ್ಟೆ ಮತ್ತು ಬೆಲ್ಲಿಗೇ ಹೆಚ್ಚು ದುಡ್ಡು, ಉಳಿದದ್ದು ಅಂಗಡಿಯ ಚಿಂದಿಯಲ್ಲೇ ಸಿಗುತ್ತದೆ.

ಕತ್ತರಿಸುವುದು

ಮ್ಯಾಟ್ 75 ಸೆಂಟಿಮೀಟರ್ ಉದ್ದ, 45 ಅಗಲ ಇರಲಿ. ಮೊದಲು ಅವರು ಎಲ್ಲಿ ಕಾಲಿಡುತ್ತಾರೆ ನೋಡಿ. ಅಂದಾಜು ಬೇಡ. ಅವರನ್ನು ಮಲಗಿಸಿ, ಎದ್ದು ಕೂರಲು ಹೇಳಿ, ಪಾದ ಬಿದ್ದ ಜಾಗಕ್ಕೆ ಚಾಕಿನಲ್ಲಿ ಗುರುತು ಮಾಡಿ. ನಮ್ಮ ಅತ್ತೆ ತಲೆದಿಂಬಿನ ಕಡೆಗೆ ಸರಿದು ಗೋಡೆ ಹಿಡಿದು ಏಳುವವರು. ಮಂಚದ ನಡುವೆ ಮ್ಯಾಟ್ ಹಾಕಿದ್ದರೆ ಅವರ ಕಾಲು ತಾಗುತ್ತಲೇ ಇರಲಿಲ್ಲ.

ಸ್ಪಂಜನ್ನು ಪೂರ್ತಿ ಅಳತೆಗೆ ಕತ್ತರಿಸಿ. ಕಂಡಕ್ಟಿವ್ ಬಟ್ಟೆಯ ಎರಡೂ ತುಂಡು ಸುತ್ತಲೂ 2 ಸೆಂಟಿಮೀಟರ್ ಕಡಿಮೆ ಇರಬೇಕು. ಅಂಚಿನಲ್ಲಿ ಎರಡು ಬಟ್ಟೆ ಒಂದಕ್ಕೊಂದು ತಾಗದಿರಲಿ ಅಂತ. ಈ ಬಟ್ಟೆಯ ಅಂಚು ಎಳೆ ಬಿಡುತ್ತದೆ. ಬ್ಲೌಸಿನ ಒಳಗೆ ಎಳೆ ಬಿಟ್ಟರೆ ಸ್ವಲ್ಪ ಚುಚ್ಚಬಹುದು, ಅಷ್ಟೇ. ಇಲ್ಲಿ ಒಂದೇ ಒಂದು ಎಳೆ ಸ್ಪಂಜು ದಾಟಿ ಆಚೆ ತಾಗಿದರೆ ಗಂಟೆ ನಿಲ್ಲುವುದೇ ಇಲ್ಲ. ಅದಕ್ಕೆ ಕತ್ತರಿಸಿದ ಕೂಡಲೇ ಅಂಚಿಗೆ ಅಗಲ ಸೆಲ್ಲೋಟೇಪ್ ಅರ್ಧ ಒಳಗೆ, ಅರ್ಧ ಹೊರಗೆ ಮಡಚಿ ಅಂಟಿಸಿ. ಆಮೇಲೆ ಟೇಪಿನ ಮೇಲೆಯೇ ಜಿಗ್‌ಜಾಗ್ ಹೊಲಿಗೆ.

ಈಗ ಕೆಳಗಿನ ತುಂಡನ್ನು ಬುಕ್ರಮ್ಮಿಗೆ ಹೊಲಿಯಿರಿ, ಲೋಹದ ಮೈ ಮೇಲೆ ಬರಲಿ. ಮೇಲಿನ ತುಂಡನ್ನು ಹತ್ತಿ ಬಟ್ಟೆಗೆ ಹೊಲಿಯಿರಿ, ಲೋಹದ ಮೈ ಕೆಳಗೆ ಬರಲಿ. ಮೇಲಿನದಕ್ಕೂ ಬುಕ್ರಂ ಹಾಕಿದರೆ ಗಟ್ಟಿ ಆಗುತ್ತದಲ್ಲ ಅಂತ ಹೊಲಿಗೆಯವರಿಗೆ ಕೈ ಹೋಗುತ್ತದೆ. ಹಾಕಬಾರದು. ಮೇಲಿನ ಪದರ ಮೆತ್ತಗೆ ಬಗ್ಗಬೇಕು. ಅದು ಬಿರುಸಾದರೆ ಪೂರ್ತಿ ಭಾರ ಹಾಕಿ ನಿಂತಾಗಲೇ ತಾಗುತ್ತದೆ. ನಮಗೆ ಅದಕ್ಕಿಂತ ಮೊದಲೇ ಗಂಟೆ ಬೇಕು.

ತೂತಿನ ಲೆಕ್ಕ

ಈ ಮ್ಯಾಟಿನ ಜೀವ ಇರುವುದು ಸ್ಪಂಜಿನ ತೂತಿನಲ್ಲಿ. ಇಲ್ಲಿ ಅವಸರ ಮಾಡಬೇಡಿ.

ಮಂಚದಿಂದ ಎದ್ದವರು ಮೊದಲು ಕಾಲು ಕೆಳಗೆ ಬಿಟ್ಟು ಅಂಚಿನಲ್ಲಿ ಕೂರುತ್ತಾರೆ. ಕೂತಾಗ ಪಾದದ ಮೇಲೆ ಮೈಯ ಭಾರ ಸ್ವಲ್ಪವೇ ಬೀಳುತ್ತದೆ. ನಿಂತ ಮೇಲೆ ಪೂರ್ತಿ ಬೀಳುತ್ತದೆ. ನಿಂತ ಮೇಲೆ ಬಾರಿಸುವ ಗಂಟೆಯಿಂದ ಏನು ಉಪಯೋಗ? ನೀವು ಚಾದರ ಸರಿಸುವಷ್ಟರಲ್ಲಿ ಅವರು ನಾಲ್ಕು ಹೆಜ್ಜೆ ನಡೆದಿರುತ್ತಾರೆ. ಕೂತಾಗಲೇ ಬಾರಿಸಿದರೆ ನಿಮಗೆ ಎದ್ದು ಬರಲು ಹೊತ್ತು ಸಿಗುತ್ತದೆ. ಹಾಗಾಗಿ ಕೂತವರ ಪಾದದ ಭಾರಕ್ಕೇ ಬಟ್ಟೆ ತಾಗಬೇಕು.

ಹತ್ತು ರೂಪಾಯಿ ನಾಣ್ಯವನ್ನು ಸ್ಪಂಜಿನ ಮೇಲಿಟ್ಟು ಸುತ್ತ ಪೆನ್ನಿನಲ್ಲಿ ಗೆರೆ ಎಳೆಯಿರಿ. ಆ ನಾಣ್ಯದ ಅಗಲ 27 ಮಿಲಿಮೀಟರ್, ನಮಗೆ ಬೇಕಾದಷ್ಟೇ. ಎರಡು ತೂತಿನ ನಡುವೆ ಎರಡು ಬೆರಳು ಜಾಗ ಬಿಡಿ. ಎರಡನೇ ಸಾಲಿನ ತೂತುಗಳು ಮೊದಲ ಸಾಲಿನ ತೂತುಗಳ ನಡುವೆ ಬರಲಿ. ನೇರ ಸಾಲಾದರೆ ಹಿಮ್ಮಡಿ ಎರಡು ಸಾಲಿನ ಮಧ್ಯದ ಸ್ಪಂಜಿನ ಮೇಲೇ ಕೂರಬಹುದು. ಸುತ್ತ ಅಂಚಿಗೆ 4 ಸೆಂಟಿಮೀಟರ್ ತೂತಿಲ್ಲದೆ ಬಿಡಿ. ಕತ್ತರಿಸಲು ಕಾಜಾ ಮಾಡುವ ಚೂಪು ಕತ್ತರಿ ಸಾಕು.

ಮೂರೂ ಪದರ ಒಂದರ ಮೇಲೊಂದು ಇಟ್ಟು, ಹೊಲಿಯುವ ಮೊದಲೇ ಪರೀಕ್ಷೆ ಮಾಡಿ. ಕರೆಂಟ್ ಹರಿಯುತ್ತದಾ ಅಂತ ನೋಡುವ ಮಲ್ಟಿಮೀಟರನ್ನು ಪೀ ಅನ್ನುವ ಜಾಗಕ್ಕೆ ತಿರುಗಿಸಿ, ಒಂದು ಕಡ್ಡಿ ಮೇಲಿನ ಬಟ್ಟೆಗೆ, ಇನ್ನೊಂದು ಕೆಳಗಿನದಕ್ಕೆ ಹಿಡಿಯಿರಿ. ಮೂರು ಬೆರಳಿನಿಂದ ಮೆಲ್ಲಗೆ ಒತ್ತಿದರೆ ಪೀ ಅನ್ನಬೇಕು. ಬಿಟ್ಟ ಕೂಡಲೇ ನಿಲ್ಲಬೇಕು. ಮೇಲೆ ರೆಕ್ಸಿನ್ನು, ಗವಸು ಹಾಸಿ ಮತ್ತೊಮ್ಮೆ ನೋಡಿ, ಅವುಗಳ ತೂಕಕ್ಕೇ ಪೀ ಅನ್ನಬಾರದು. ಒತ್ತಿದರೂ ಸುಮ್ನೆ ಇದ್ದರೆ ತೂತು ಒಂದು ಸುತ್ತು ದೊಡ್ಡದು ಮಾಡಿ. ಒತ್ತದೇ ಪೀ ಅಂದರೆ ತೂತು ಜಾಸ್ತಿ ದೊಡ್ಡದಾಗಿದೆ, ಇಲ್ಲವೇ ಎಲ್ಲೋ ಎಳೆ ದಾಟಿದೆ.

ಆಮೇಲೆ ಮನೆಯ ಹಿರಿಯರನ್ನೇ ಮಂಚದ ಮೇಲೆ ಕೂರಿಸಿ ನೋಡಿ. ನಿಮ್ಮ ಕಾಲಿನ ಭಾರ ಬೇರೆ, ಒಣಗಿದ ಮೈಯ ಅಜ್ಜಿಯ ಕಾಲಿನ ಭಾರ ಬೇರೆ.

ವೈರು ಸೇರಿಸುವುದು

ಕಂಡಕ್ಟಿವ್ ಬಟ್ಟೆಗೆ ನೇರ ಸೋಲ್ಡರ್ ಮಾಡಿದರೆ ಪಾಲಿಯೆಸ್ಟರ್ ಕರಗಿ ತೂತು ಬೀಳುತ್ತದೆ. ಅದಕ್ಕೆ ಟಿಚ್ ಬಟನ್ ನಡುವೆ ಬರುತ್ತದೆ. ಎದೆಯ ಇಸಿಜಿಗೆ ಅಂಟಿಸುವ ಬಿಲ್ಲೆಗಳನ್ನು ನೋಡಿದ್ದೀರಲ್ಲ? ಅದರ ಮೇಲೂ ವೈರು ಸಿಕ್ಕಿಸಲು ಇರುವುದು ಒತ್ತು ಗುಂಡಿಯೇ. ಆಸ್ಪತ್ರೆಯಲ್ಲಿ ನಡೆಯುವ ಉಪಾಯ ಹೊಲಿಗೆ ಅಂಗಡಿಯಲ್ಲೂ ನಡೆಯುತ್ತದೆ.

ಟಿಚ್ ಬಟನ್ ಗುಂಡಿಯ ಹೊಳಪನ್ನು ಮರಳು ಕಾಗದದಿಂದ ಸ್ವಲ್ಪ ಉಜ್ಜಿ. ಬಟ್ಟೆಗೆ ಹಾಕುವ ಮೊದಲೇ ವೈರನ್ನು ಗುಂಡಿಯ ಒಂದು ಭಾಗಕ್ಕೆ ಸೋಲ್ಡರ್ ಮಾಡಿ, ತಣ್ಣಗಾಗಲಿ. ಗುಂಡಿಯ ಇನ್ನೊಂದು ಭಾಗವನ್ನು ಬಟ್ಟೆಯ ಮೂಲೆಗೆ ಕಂಡಕ್ಟಿವ್ ದಾರದಿಂದ ಕೈಯಲ್ಲೇ ಹೊಲಿಯಿರಿ. ಗುಂಡಿಯ ಪ್ರತಿ ತೂತಿಗೂ ಐದಾರು ಸುತ್ತು, ಬಿಗಿಯಾಗಿ. ಗುಂಡಿ ಅಲ್ಲಾಡಿದರೆ ಕರೆಂಟ್ ಹರಿಯುವುದೂ ಅಲ್ಲಾಡುತ್ತದೆ. ಸ್ಟೀಲ್ ದಾರದ ಗಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ, ಗಂಟಿನ ಮೇಲೆ ಒಂದು ತೊಟ್ಟು ನೇಲ್ ಪಾಲಿಶ್ ಹಾಕಿ. ಈ ದಾರವನ್ನು ಮಷಿನ್ನಿನಲ್ಲಿ ಓಡಿಸುವುದಾದರೆ ಬಾಬಿನ್ನಿಗೆ ಮಾತ್ರ ಸುತ್ತಿ. ಮೇಲೆ ಮಾಮೂಲಿ ದಾರ ಇರಲಿ, ನಿಧಾನ ತುಳಿಯಿರಿ. ಸೂಜಿಗೆ ಪೋಣಿಸಿದರೆ ಟೆನ್ಷನ್ ಬಿಲ್ಲೆಯಲ್ಲಿ ಸಿಕ್ಕಿ ತುಂಡಾಗುತ್ತಲೇ ಇರುತ್ತದೆ.

ಮೇಲಿನ ಬಟ್ಟೆಯ ಗುಂಡಿ ಒಂದು ಮೂಲೆಯಲ್ಲಿ, ಕೆಳಗಿನದರ ಗುಂಡಿ ಇನ್ನೊಂದು ಮೂಲೆಯಲ್ಲಿ, ಎರಡೂ ಮಂಚದ ಕಡೆಗೆ ಬರಲಿ. ವೈರು ಕಾಲಿಗೆ ತೊಡರಬಾರದು. ಗುಂಡಿಯಿಂದ ಒಂದು ಗೇಣು ದೂರದವರೆಗೆ ವೈರನ್ನು ಅಂಚಿನ ಬಟ್ಟೆಗೆ ಸೇರಿಸಿ ಜಿಗ್‌ಜಾಗ್ ಹೊಲಿದುಬಿಡಿ. ಯಾರಾದರೂ ಎಳೆದರೆ ಎಳೆತ ಬಟ್ಟೆಗೆ ಬೀಳಬೇಕು, ಬೆಸುಗೆಗೆ ಬೀಳಬಾರದು.

ಬೆಲ್ಲಿನ ಗುಂಡಿ ಬಿಚ್ಚಿದರೆ ಒಳಗೆ ಪುಟ್ಟ ಸ್ವಿಚ್ ಕಾಣುತ್ತದೆ. ಸಾಧಾರಣವಾಗಿ ನಾಲ್ಕು ಕಾಲು. ಎರಡೆರಡು ಕಾಲು ಒಳಗೇ ಜೋಡಿ ಆಗಿರುತ್ತವೆ. ಮೂಲೆಯಿಂದ ಮೂಲೆಗೆ ಎದುರಾದ ಎರಡು ಕಾಲು ಆರಿಸಿಕೊಳ್ಳಿ, ಒತ್ತಿದಾಗ ಮಾತ್ರ ಅವು ಸೇರುತ್ತವೆ. ಅವಕ್ಕೆ ಮ್ಯಾಟಿನ ಎರಡು ವೈರು ಸೋಲ್ಡರ್ ಮಾಡಿ. ಮೂಲ ಗುಂಡಿ ಹಾಗೇ ಇರಲಿ. ಅದನ್ನು ಮಂಚದ ಕಾಲಿಗೆ ಕಟ್ಟಿದರೆ, ಬೇಕೆಂದಾಗ ಅವರೇ ಒತ್ತಿ ಕರೆಯಬಹುದು. ಎರಡು ಕೆಲಸ ಆಯಿತು.

ಒಂದು ಎಚ್ಚರ. ಮ್ಯಾಟಿಗೆ ಸೇರುವುದು ಬೆಲ್ಲಿನ ಗುಂಡಿಯೊಳಗಿನ ಸಣ್ಣ ಬ್ಯಾಟರಿ ಮಾತ್ರ. ಗೋಡೆಯ ಕರೆಂಟಿಗೆ ಹಾಕಿದ ಚಾರ್ಜರ್, ಅಡಾಪ್ಟರ್ ಯಾವುದನ್ನೂ ಇದಕ್ಕೆ ಸೇರಿಸಬೇಡಿ. ಒದ್ದೆ ಕಾಲು ಇಡುವ ಜಾಗ ಇದು. ಬಟನ್ ಸೆಲ್ ಬಳಸುವ ಬೆಲ್ಲಾದರೆ ಮುಚ್ಚಳಕ್ಕೆ ಟೇಪ್ ಸುತ್ತಿ. ಮೊಮ್ಮಕ್ಕಳು ಬಂದಾಗ ಬಾಯಿಗೆ ಹಾಕಿಕೊಂಡರೆ ಪ್ರಾಣಕ್ಕೇ ಅಪಾಯ.

ಪದರ ಸೇರಿಸುವುದು

ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರು ಕೌದಿ ಹೊಲಿಯುವುದನ್ನು ನೋಡಿದ್ದೀರಾ? ಒಂದು ಮೂಲೆಯಿಂದ ಶುರು ಮಾಡಿ ಅಂಚು ಹಿಡಿದು ಸುತ್ತುತ್ತಾ ನಡುವಿನ ತನಕ ಟಾಕಾ ಹಾಕುತ್ತಾ ಹೋಗುತ್ತಾರೆ. ಪದರ ಅಲುಗುವುದೇ ಇಲ್ಲ. ನಮ್ಮ ಮ್ಯಾಟಿನಲ್ಲೂ ಕೌದಿಯ ಹಾಗೆ ಅಂಚಿನಿಂದಲೇ ಶುರು ಮಾಡಬೇಕು, ಆದರೆ ಅಂಚಿನಲ್ಲೇ ನಿಲ್ಲಬೇಕು. ನಡುವೆ ಟಾಕಾ ಹಾಕಿದರೆ ಆ ಜಾಗದಲ್ಲಿ ಸ್ಪಂಜು ಅದುಮಿ ಎರಡು ಬಟ್ಟೆ ಹತ್ತಿರ ಬರುತ್ತವೆ. ತೂತಿಲ್ಲದ ಆ 4 ಸೆಂಟಿಮೀಟರ್ ಅಂಚು ಬಿಟ್ಟಿದ್ದೆವಲ್ಲ, ಹೊಲಿಗೆ ಅಲ್ಲೇ ಬರಬೇಕು. ಅದೂ ಕಂಡಕ್ಟಿವ್ ಬಟ್ಟೆ ಮುಗಿದ ಆಚೆಯ 2 ಸೆಂಟಿಮೀಟರಿನಲ್ಲಿ. ದಾರ ಮಾಮೂಲಿ ಪಾಲಿಯೆಸ್ಟರ್. ಇಲ್ಲಿ ಅಪ್ಪಿತಪ್ಪಿಯೂ ಸ್ಟೀಲ್ ದಾರ ಬರಬಾರದು.

ಇದನ್ನು ರೆಕ್ಸಿನ್ ಚೀಲದೊಳಗೆ ಇಟ್ಟು ನಾಲ್ಕೂ ಕಡೆ ಮುಚ್ಚಿ. ಹೊಲಿದರೆ ಸೂಜಿಯ ತೂತಿನಿಂದ ನೀರು ಇಳಿಯುತ್ತದೆ, ಹಾಗಾಗಿ ಹೊಲಿಗೆಯ ಮೇಲೆ ರಬ್ಬರ್ ಅಂಟು ಬಳಿಯಿರಿ. ವೈರು ಹೊರಬರುವ ಜಾಗಕ್ಕೆ ಇನ್ನೂ ದಪ್ಪ ಬಳಿಯಿರಿ. ಒಳಗೆ ಸಿಲಿಕಾ ಜೆಲ್ಲಿನ ಪೊಟ್ಟಣ ಒಂದೆರಡು ಮೂಲೆಯಲ್ಲಿ ಇರಲಿ. ಹೊಸ ಚಪ್ಪಲಿ ಡಬ್ಬಿಯಲ್ಲಿ ಸಿಗುತ್ತದಲ್ಲ, ಅದೇ ಸಾಕು.

ಇಷ್ಟೆಲ್ಲ ಯಾಕೆ ಅಂದರೆ ನಮ್ಮ ಕರಾವಳಿಯ ಹವೆ. ಬಚ್ಚಲಿನಿಂದ ಒದ್ದೆ ಕಾಲಿನಲ್ಲೇ ಬರುತ್ತಾರೆ. ಕೆಲವೊಮ್ಮೆ ತಡೆಯಲಾಗದೆ ಮಂಚದ ಬುಡದಲ್ಲೇ ಮೂತ್ರ ಆಗಬಹುದು. ಬೆವರು, ಮೂತ್ರ ಎರಡರಲ್ಲೂ ಉಪ್ಪಿದೆ. ಉಪ್ಪು ನೀರು ಕರೆಂಟ್ ಹರಿಸುತ್ತದೆ. ಅದು ಒಳಗೆ ಇಳಿದರೆ ಕಾಲಿಡದೇ ಗಂಟೆ ಹೊಡೆಯುತ್ತದೆ. ನಿಧಾನಕ್ಕೆ ತಾಮ್ರವೂ ಹಸಿರಾಗಿ ತಿಂದುಹೋಗುತ್ತದೆ. ಕಾರವಾರದ ಬೈತಖೋಲ, ತದಡಿಯಂಥ ಕಡಲ ಬುಡದ ಮನೆಗಳಲ್ಲಿ ಕಬ್ಬಿಣದ ಕಿಟಕಿ ಸರಳೇ ಉಳಿಯುವುದಿಲ್ಲ, ತೆಳು ತಾಮ್ರದ ಲೇಪ ಉಳಿಯುತ್ತದಾ? ಶಿರಸಿ, ಸಿದ್ದಾಪುರದ ಕಡೆ ಕಡಲಿನ ಉಪ್ಪು ಇಲ್ಲ, ಆದರೆ ಮಳೆಗಾಲದ ತೇವ ನಮಗಿಂತ ಕಡಿಮೆ ಏನಲ್ಲ. ಅಲ್ಲಿಯೂ ಮುಚ್ಚಲೇಬೇಕು.

ರೆಕ್ಸಿನ್ನಿನ ಮೇಲೆ ಹತ್ತಿ ಬಟ್ಟೆಯ ಗವಸು, ಒಂದು ಕಡೆ ವೆಲ್ಕ್ರೋ. ತೆಗೆದು ಒಗೆಯುವುದು ಇದೊಂದನ್ನೇ. ಎರಡು ಗವಸು ಹೊಲಿದಿಡಿ, ಮಳೆಗಾಲದಲ್ಲಿ ಒಣಗುವುದು ತಡ. ಬಣ್ಣ ನೆಲಕ್ಕಿಂತ ಬೇರೆ ಇರಲಿ. ಕೆಂಪು ಗಾರೆಯ ನೆಲದ ಮೇಲೆ ಕೆಂಪು ಮ್ಯಾಟ್ ಹಾಕಿದರೆ ಮಂದ ಕಣ್ಣಿಗೆ ಕಾಣುವುದಿಲ್ಲ. ತಳಕ್ಕೆ ರಬ್ಬರ್ ಬಲೆ ಪೂರ್ತಿ ಹೊಲಿಯಿರಿ. ವರ್ಷಗಟ್ಟಲೆ ಒರೆಸಿ ಒರೆಸಿ ನುಣುಪಾದ ಗಾರೆ ನೆಲದ ಮೇಲೆ ಜಾರುವ ಮ್ಯಾಟ್ ಇಡುವುದಕ್ಕಿಂತ ಏನೂ ಇಡದಿರುವುದು ಮೇಲು. ಒಟ್ಟು ದಪ್ಪ 1 ಸೆಂಟಿಮೀಟರ್ ದಾಟಬಾರದು. ಅಂಚಿಗೆ ಚಂದಕ್ಕೆ ಅಂತ ದಪ್ಪ ಪೈಪಿಂಗ್ ಬೇಡ.

ಯಾರಿಗೆ ಈ ಮ್ಯಾಟ್ ಬೇಡ?

ಪಾದ ಎತ್ತದೆ ಎಳೆದುಕೊಂಡು ನಡೆಯುವವರಿಗೆ ನೆಲದ ಮೇಲೆ ಏನನ್ನೂ ಹಾಸಬೇಡಿ. ಲಕ್ವ ಹೊಡೆದು ಒಂದು ಕಾಲು ಸೋತವರು, ಪಾರ್ಕಿನ್ಸನ್ ಇರುವವರು ಅಂಚಿಗೆ ಎಡವಬಹುದು. ಅಂಥವರಿಗೆ ಇದೇ ಮೂರು ಪದರವನ್ನು ಉದ್ದ ಪಟ್ಟಿಯಾಗಿ ಹೊಲಿದು ಸೊಂಟ ಬರುವ ಕಡೆ ಹಾಸಿಗೆಯ ಕೆಳಗೆ ಅಡ್ಡ ಹಾಕಿ. ಆಗ ಲೆಕ್ಕ ಉಲ್ಟಾ ಆಗುತ್ತದೆ. ಮಲಗಿದಾಗ ಬಟ್ಟೆ ತಾಗಿರುತ್ತದೆ, ಎದ್ದಾಗ ಬಿಡುತ್ತದೆ. ಬಿಟ್ಟಾಗ ಬಾರಿಸುವ ಸಾಧನ ಬೇಕು. ಬಾಗಿಲು ತೆರೆದರೆ ಕೂಗುವ ಅಲಾರಂ ಸಿಗುತ್ತದಲ್ಲ, ಅಯಸ್ಕಾಂತ ದೂರ ಸರಿದಾಗ ಕೂಗುವುದು, ಅದರ ಒಳಗಿನ ಗಾಜಿನ ಪುಟ್ಟ ಸ್ವಿಚ್ಚಿನ ಎರಡು ತುದಿಗೆ ಪಟ್ಟಿಯ ವೈರು ಸೇರಿಸಿ, ಅಯಸ್ಕಾಂತವನ್ನು ಅಲಾರಮ್ಮಿನಿಂದ ದೂರ ತೆಗೆದಿಡಿ. ವೈರು ಉದ್ದ ಎಳೆದು ಅಲಾರಂ ನಿಮ್ಮ ಕೋಣೆಯಲ್ಲೇ ಇರಲಿ. ಮಗ್ಗಲು ಬದಲಿಸಿದಾಗಲೂ ಕೆಲವೊಮ್ಮೆ ಕೂಗುತ್ತದೆ, ಪಟ್ಟಿ ಮಂಚದ ಪೂರ್ತಿ ಅಗಲಕ್ಕೆ ಇದ್ದರೆ ಕಡಿಮೆ. ದಪ್ಪ ಫೋಮ್ ಹಾಸಿಗೆಯಲ್ಲಿ ಇದು ಸರಿ ಬರುವುದಿಲ್ಲ, ತೆಳು ಹತ್ತಿ ಹಾಸಿಗೆಗೆ ಮಾತ್ರ. ಹಾಸಿಗೆಯಲ್ಲೇ ಇರುವವರ ಮೈಗೆ ಪಟ್ಟಿ ನೇರ ತಾಗುವಂತೆ ಎಂದೂ ಇಡಬೇಡಿ, ಒತ್ತಿದ ಕಡೆ ಹುಣ್ಣಾಗುತ್ತದೆ.

ಎದೆಬಡಿತ ಎಣಿಸಲು ಎದೆಗೆ ಕಟ್ಟುವ ಪಟ್ಟಿ ಹೊಲಿದು ಕೊಡುತ್ತೀರಾ ಅಂತಲೂ ಕೇಳುತ್ತಾರೆ. ಮೈಗೆ ತಾಗುವ ಬಟ್ಟೆಯ ದಾರಿಯೇ ಬೇರೆ. ನಿಕ್ಕಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಅಲ್ಲಿ ಬೆಳ್ಳಿ ಲೇಪದ್ದೇ ಬೇಕು. ತೊಡುವ ಮೊದಲು ಪಟ್ಟಿಯನ್ನು ಸ್ವಲ್ಪ ಒದ್ದೆ ಮಾಡಬೇಕು, ಒಣ ಚರ್ಮಕ್ಕೂ ಒಣ ಬಟ್ಟೆಗೂ ಸಂಪರ್ಕ ಸರಿಯಾಗುವುದಿಲ್ಲ. ಬ್ಲೀಚ್, ಕಂಫರ್ಟ್ ಹಾಕಿ ಒಗೆಯಬಾರದು, ಹಿಂಡಬಾರದು. ಪೇಸ್‌ಮೇಕರ್ ಇದ್ದವರು ಹೃದಯದ ಡಾಕ್ಟರನ್ನು ಕೇಳದೆ ಎದೆಗೆ ಯಾವ ಎಲೆಕ್ಟ್ರಾನಿಕ್ ಪಟ್ಟಿಯನ್ನೂ ಕಟ್ಟಬಾರದು. ಎದೆಬಡಿತ ನೋಡಿ ಔಷಧಿ ನಿರ್ಧಾರ ಆಗುವುದಾದರೆ ದಿನವಿಡೀ ಎದೆಬಡಿತ ಬರೆದಿಡುವ ಆಸ್ಪತ್ರೆಯ ಹೋಲ್ಟರ್ ಯಂತ್ರವೇ ಸರಿ. ಅಮೆರಿಕದ ನಾರ್ಮನ್ ಹೋಲ್ಟರ್ ಮೊದಲು ಮಾಡಿದಾಗ ಅದನ್ನು ಬೆನ್ನಿಗೆ ಹೊರಬೇಕಿತ್ತು, ಸುಮಾರು 38 ಕಿಲೋ ಭಾರ. ಈಗ ಅದೇ ಅಂಗಿಯ ಜೇಬಿಗೆ ಹೋಗುತ್ತದೆ. ನಾನು ಹೊಲಿಯುವ ಮ್ಯಾಟ್ ರೋಗ ಹೇಳುವುದಿಲ್ಲ. ಅವರು ಕಾಲು ಕೆಳಗಿಟ್ಟರು ಅಂತ ಮಾತ್ರ ಹೇಳುತ್ತದೆ.

ಹಾಸುವಾಗ

ಮೊದಲು ಮನೆಯ ಹಿರಿಯರಿಗೆ ತೋರಿಸಿ. ಗುಟ್ಟಾಗಿ ಹಾಸಬೇಡಿ. ನಾನು ಅತ್ತೆಯ ಕೈಯಲ್ಲೇ ಒತ್ತಿಸಿದೆ. "ನಾ ಎದ್ದಿದ್ದು ಊರಿಗೆಲ್ಲ ಕೇಳ್ತದಾ ಹಂಗಾರೆ?" ಅಂದರು. "ಊರಿಗಲ್ಲ ಅತ್ತೆ, ನಂಗೊಬ್ಬಳಿಗೆ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಹಸಿರು ಬಟ್ಟೆದು ಗವಸು ಹೊಲಿ, ಇದು ಚಂದ ಇಲ್ಲೆ" ಅಂದರು. ಒಪ್ಪಿದ್ದಕ್ಕೆ ಅದೇ ಗುರುತು.

ಗಂಟೆ ಅವರ ಕೋಣೆಯಲ್ಲಿ ಬಾರಿಸಬಾರದು. ಕತ್ತಲಲ್ಲಿ ಬೆಚ್ಚಿಬಿದ್ದರೆ ಅದರಿಂದಲೇ ಆಯ ತಪ್ಪುತ್ತದೆ. ನಿಮ್ಮ ಕೋಣೆಯಲ್ಲಿ ಮೆಲು ದನಿಯ ಟ್ಯೂನ್ ಇಡಿ. ಚಿರೇಕಲ್ಲಿನ ದಪ್ಪ ಗೋಡೆ ದಾಟಿ ಸಿಗ್ನಲ್ ಬರುತ್ತದಾ ಅಂತ ಎರಡೂ ಬಾಗಿಲು ಮುಚ್ಚಿ ನೋಡಿ. ಅಕ್ಕಪಕ್ಕದ ಮನೆಯಲ್ಲಿ ಅದೇ ಬೆಲ್ ಇದ್ದರೆ ಅವರ ಗುಂಡಿಗೆ ನಿಮ್ಮದು ಬಾರಿಸಬಹುದು, ಪೆಟ್ಟಿಗೆಯ ಕಾಗದದಲ್ಲಿ ಕೋಡ್ ಬದಲಿಸುವ ವಿಧಾನ ಇರುತ್ತದೆ.

ಗಂಟೆಯ ಜೊತೆಗೆ ಒಂದು ಅಭ್ಯಾಸವೂ ಬೇಕು. ಬಿಪಿ ಗುಳಿಗೆ ತೆಗೆದುಕೊಳ್ಳುವವರಿಗೆ ಮಲಗಿದಲ್ಲಿಂದ ತಟ್ಟನೆ ಎದ್ದು ನಿಂತರೆ ಬಿಪಿ ಇಳಿದು ಕಣ್ಣು ಕತ್ತಲೆ ಬರಬಹುದು. ಕಾಲು ಮ್ಯಾಟಿನ ಮೇಲಿಟ್ಟು ಒಂದೆರಡು ನಿಮಿಷ ಕೂರಲಿ. ಅಷ್ಟರಲ್ಲಿ ನೀವು ಬಂದಿರುತ್ತೀರಿ. ಬಚ್ಚಲಿನ ದಾರಿಗೆ ಒಂದು ಸಣ್ಣ ದೀಪ ರಾತ್ರಿಯಿಡೀ ಉರಿಯಲಿ.

ಹಗಲಿನಲ್ಲಿ ಮ್ಯಾಟನ್ನು ಮಡಚಬೇಡಿ, ಸುರುಳಿ ಸುತ್ತಿ ನಿಲ್ಲಿಸಿ. ಸ್ಟೂಲು, ಬಕೆಟ್ಟು ಅದರ ಮೇಲೆ ಬೇಡ. ಸದಾ ಒತ್ತಿದ್ದರೆ ಕೆಲವು ಬೆಲ್ಲುಗಳ ಬ್ಯಾಟರಿ ಬೇಗ ಮುಗಿಯುತ್ತದೆ, ಸ್ಪಂಜೂ ಅಪ್ಪಚ್ಚಿ ಆಗುತ್ತದೆ. ಮಲಗುವ ಮುಂಚೆ ದಿನಾ ಒಮ್ಮೆ ತುಳಿದು ನೋಡಿ. ಹಾಸಿಗೆ ಕೊಡವುವಾಗಲೇ ಆ ಕೆಲಸವೂ ಆಗಲಿ.

ಬಾರಿಸದಿದ್ದರೆ ಹುಡುಕುವ ಕ್ರಮ ಹೀಗೆ. ಮೊದಲು ಮಂಚಕ್ಕೆ ಕಟ್ಟಿದ ಮೂಲ ಗುಂಡಿ ಒತ್ತಿ. ಅದಕ್ಕೂ ಬಾರಿಸದಿದ್ದರೆ ಬ್ಯಾಟರಿ. ಅದಕ್ಕೆ ಬಾರಿಸಿ ಮ್ಯಾಟಿಗೆ ಬಾರಿಸದಿದ್ದರೆ ರೆಕ್ಸಿನ್ನಿನ ಮೂಲೆ ಬಿಚ್ಚಿ, ಒಳಗಿನ ಟಿಚ್ ಬಟನ್ ಒಮ್ಮೆ ತೆಗೆದು ಹಾಕಿ, ಬುಡದ ಹೊಲಿಗೆ ಸಡಿಲ ಆಗಿದೆಯಾ ನೋಡಿ. ಹೆಚ್ಚಾಗಿ ತೊಂದರೆ ಅಲ್ಲೇ ಇರುತ್ತದೆ. ನಿಲ್ಲದೆ ಬಾರಿಸುತ್ತಿದ್ದರೆ ವೈರು ಹೊರಬರುವ ಜಾಗದಿಂದ ತೇವ ಇಳಿದಿರುತ್ತದೆ. ಆಗ ರೆಕ್ಸಿನ್ ಬಿಚ್ಚಿ, ಪದರ ಬೇರೆ ಮಾಡಿ, ಫ್ಯಾನಿನ ಕೆಳಗೆ ಪೂರ್ತಿ ಒಣಗಿಸಿ. ಬಟ್ಟೆ ಹಸಿರು ಅಥವಾ ಕಪ್ಪು ಆಗಿದ್ದರೆ ಆ ತುಂಡು ಬದಲಿಸಿ, ಉಳಿದ ಪದರಗಳನ್ನೇ ಮತ್ತೆ ಬಳಸಬಹುದು.